ಮೇಜಿನ ಮೇಲಿನ ಪರದೆ, ಅದರ ಮುಂದೆ ಕೂತವರು



ದತ್ತಿ ಉಪನ್ಯಾಸ ಎಂದರೆ ಶಾಸನ, ವಚನ, ಜಾನಪದ ಅಥವಾ ಹಿರಿಯ ಸಾಹಿತಿಯೊಬ್ಬರ ಬದುಕು ಬರಹ ಎಂದು ನಿರೀಕ್ಷಿಸುವುದು ವಾಡಿಕೆ. ಕದಂಬರ ಹಲಸಿ, ಸಂಗೊಳ್ಳಿ ರಾಯಣ್ಣನ ನಂದಗಡ ಎರಡೂ ಇರುವ, ಬೆಳಗಾವಿ ಜಿಲ್ಲೆಯ ಈ ಖಾನಾಪುರ ತಾಲ್ಲೂಕಿನಲ್ಲಿ ಮಾತಿನ ವಿಷಯಕ್ಕೆ ಬರವಿಲ್ಲ. ಆದರೂ ಕಂಪ್ಯೂಟರ್ ಪರದೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಒಪ್ಪಿದರು. ಇದು ಕನ್ನಡದ ವಿಷಯವೇ ಎಂಬ ನಂಬಿಕೆಯಿಂದ ನಾನು ಕೇಳಿದ್ದೆ, ಅದೇ ನಂಬಿಕೆಯಿಂದ ಅವರೂ ಒಪ್ಪಿದ್ದಾರೆ. ಅವರಿಗೆ ನನ್ನ ವಂದನೆಗಳು.

ಈಚೆಗೆ ಎಲ್ಲರ ಮಾತೂ ಮೊಬೈಲಿನ ಸುತ್ತ. ನಾನು ಮಾತಾಡುವುದು ಮೇಜಿನ ಮೇಲಿನ ಕಂಪ್ಯೂಟರಿನ ಬಗ್ಗೆ. ನಮ್ಮ ಬದುಕಿಗೆ ಆಧಾರವಾದ ಕಾಗದಗಳೆಲ್ಲ ಹುಟ್ಟುವುದು ಇಂದಿಗೂ ಅಲ್ಲಿಯೇ. ಹೊಲದ ಉತಾರ (ಪಹಣಿ), ಜಾತಿ-ಆದಾಯ ಪ್ರಮಾಣಪತ್ರ, ಪಂಚಾಯಿತಿಯ ಇ-ಸ್ವತ್ತು, ಮಕ್ಕಳ ವರ್ಗಾವಣೆ ಪತ್ರ, ಲಗ್ನಪತ್ರಿಕೆ, ನಾವು ಓದುವ ಪುಸ್ತಕದ ಪುಟ, ಯಾವುದನ್ನು ತೆಗೆದುಕೊಂಡರೂ ಒಬ್ಬರು ಕುರ್ಚಿಯ ಮೇಲೆ ಕೂತು, ಕೀಲಿಮಣೆ ಒತ್ತಿ, ಪರದೆ ನೋಡಿ ಮಾಡಿದ್ದು. ಆ ಒಬ್ಬರಿಗೆ ಪರದೆ ಎಷ್ಟು ಅನುಕೂಲವಾಗಿದೆ ಎಂಬುದರ ಮೇಲೆ ಕಾಗದದಲ್ಲಿ ನಮ್ಮ ಹೆಸರು ಸರಿಯಾಗಿ ಬರುತ್ತದೋ ಇಲ್ಲವೋ ಎಂಬುದು ನಿಂತಿದೆ. ಆ ಅನುಕೂಲವನ್ನು ಕನ್ನಡದ ಮಟ್ಟಿಗೆ ಪಕ್ಕದಲ್ಲಿ ಕೂತು ನೋಡಿದವರು ಬಹಳ ಕಡಿಮೆ. ಇಂದು ಹೇಳಬೇಕಾದ ನನ್ನ ಮಾತು ಇಷ್ಟೇ.

ಬಳಕೆಯ ಸುಲಭತೆಗೆ ಅಂತರರಾಷ್ಟ್ರೀಯ ಮಾನಕವೇ ಇದೆ. ಐಎಸ್ಒ 9241ರ 11ನೆಯ ಭಾಗ, 1998ರಲ್ಲಿ ಬಂದದ್ದು, 2018ರಲ್ಲಿ ಪರಿಷ್ಕಾರಗೊಂಡದ್ದು. ಇಂಥ ಬಳಕೆದಾರರು, ಇಂಥ ಸಂದರ್ಭದಲ್ಲಿ, ಇಂಥ ಕೆಲಸವನ್ನು ಸರಿಯಾಗಿ, ಕಡಿಮೆ ಶ್ರಮದಲ್ಲಿ, ಬೇಸರವಿಲ್ಲದೆ ಮುಗಿಸುತ್ತಾರೆಯೇ ಎಂಬುದೇ ಅದರ ಅಳತೆಗೋಲು. ಇಲ್ಲಿ ‘ಇಂಥ ಸಂದರ್ಭದಲ್ಲಿ’ ಎಂಬುದು ಮುಖ್ಯ. ಹವಾನಿಯಂತ್ರಿತ ಕೋಣೆಯಲ್ಲಿ ಚೆನ್ನಾಗಿ ಓಡುವ ತಂತ್ರಾಂಶ, ಆಷಾಢದ ಮಳೆಯಲ್ಲಿ ಕಣಕುಂಬಿ ಕಡೆಯ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದಾಗ ಏನು ಮಾಡುತ್ತದೆ? ತುಂಬಿದ್ದ ಅರ್ಧ ಅರ್ಜಿಯನ್ನು ಉಳಿಸಿಕೊಂಡಿರುತ್ತದೆಯೇ, ಮೊದಲಿನಿಂದ ತುಂಬಿ ಎನ್ನುತ್ತದೆಯೇ? ಖಾನಾಪುರದ ಮಟ್ಟಿಗೆ ಇದು ಮೊದಲ ಪ್ರಶ್ನೆ. ಬರೆದದ್ದನ್ನು ತಾನಾಗಿಯೇ ಉಳಿಸುತ್ತ ಹೋಗುವುದು ಕಷ್ಟದ ಕೆಲಸವಲ್ಲ. ಯಾರಾದರೂ ಬೇಕು ಎಂದು ಕೇಳಬೇಕು ಅಷ್ಟೆ.

ಬಳಕೆಯ ಸುಲಭತೆಯ ಈ ವಿದ್ಯೆಯ ಆರಂಭದ ದಿನಗಳ ಕಥೆಯೊಂದನ್ನು ಹೇಳುತ್ತೇನೆ. ಅದಕ್ಕೂ ನಮ್ಮ ಊರಿನ ಆಪರೇಟರಿಗೂ ನೇರ ಸಂಬಂಧವಿದೆ. 1970ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಎಂಬವರಿದ್ದರು. ಬಾಸ್ಟನ್ನಿನ ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನ ಸಂಸ್ಥೆಗೆ ಅವರೂ ಟಿಮ್ ಮಾಟ್ ಎಂಬವರೂ ಸೇರಿ ಒಂದು ಬರವಣಿಗೆ ತಂತ್ರಾಂಶ ಮಾಡಬೇಕಿತ್ತು. ಟೆಸ್ಲರ್ ಮಾಡಿದ ಮೊದಲ ಕೆಲಸಗಳಲ್ಲೊಂದು, ಕಂಪ್ಯೂಟರ್ ಗೊತ್ತಿಲ್ಲದ ಕಚೇರಿ ಸಹಾಯಕಿಯೊಬ್ಬರನ್ನು ಖಾಲಿ ಪರದೆಯ ಮುಂದೆ ಕೂರಿಸಿದ್ದು. ತಿದ್ದುಪಡಿ ಹಾಕಿದ ಹಾಳೆಯನ್ನು ಕೈಗೆ ಕೊಟ್ಟು, ಇಲ್ಲಿ ನಿಮ್ಮ ಬರಹ ಇದೆ ಎಂದುಕೊಳ್ಳಿ, ಇದನ್ನು ಹೇಗೆ ತಿದ್ದುತ್ತೀರಿ ತೋರಿಸಿ ಎಂದು ಕೇಳಿದರು. ಅವರು ತೋರಿಸುತ್ತ ಹೋದಂತೆ ಟೆಸ್ಲರ್ ಬರೆದುಕೊಂಡರು. ಇಂದು ಇಡೀ ಲೋಕ ಬಳಸುವ ಕತ್ತರಿಸು, ನಕಲಿಸು, ಅಂಟಿಸು ಎಂಬ ಕ್ರಮ ರೂಪುಗೊಂಡದ್ದು ಆ ತಂಡದ ‘ಜಿಪ್ಸಿ’ ತಂತ್ರಾಂಶದಲ್ಲಿ. ಅದಕ್ಕೂ ಮೊದಲಿನ ತಂತ್ರಾಂಶಗಳಲ್ಲಿ ಒಂದೇ ಕೀಲಿ ಒಂದು ಸ್ಥಿತಿಯಲ್ಲಿ ಅಕ್ಷರ ಬರೆಯುತ್ತಿತ್ತು, ಇನ್ನೊಂದು ಸ್ಥಿತಿಯಲ್ಲಿ ಆಜ್ಞೆಯಾಗುತ್ತಿತ್ತು. ಯಾವ ಸ್ಥಿತಿಯಲ್ಲಿದ್ದೇವೆ ಎಂಬುದನ್ನು ಮರೆತವರ ಬರಹ ಹಾಳಾಗುತ್ತಿತ್ತು. ಆ ಸ್ಥಿತಿಭೇದವನ್ನೇ ತೆಗೆಯಬೇಕೆಂದು ಟೆಸ್ಲರ್ ಜೀವನವಿಡೀ ವಾದಿಸಿದರು. 2020ರಲ್ಲಿ ತೀರಿಕೊಂಡರು. ಇಂಗ್ಲಿಷಿನವರ ಪಾಲಿಗೆ ಆ ತೊಂದರೆಯನ್ನು ಅವರು ಬಹುಪಾಲು ಬಗೆಹರಿಸಿದರು.

ಕನ್ನಡದವರ ಪಾಲಿಗೆ ಅದು ಹಾಗೆಯೇ ಉಳಿದಿದೆ. ನಮ್ಮ ತಾಲ್ಲೂಕಿನ ಒಂದು ಸೇವಾ ಕೇಂದ್ರದಲ್ಲಿ ಮಳೆಗಾಲದ ದಿನವೊಂದರಲ್ಲಿ ಕಂಡದ್ದನ್ನು ವಿವರವಾಗಿ ಹೇಳಬೇಕು. ಪಿಂಚಣಿಯ ಕೆಲಸಕ್ಕೆಂದು ಅಜ್ಜಿಯೊಬ್ಬರು ಬಂದಿದ್ದರು. ಹೆಸರು ಯಲ್ಲವ್ವ ಎಂದಿಟ್ಟುಕೊಳ್ಳಿ. ಆಪರೇಟರ್ ಹುಡುಗಿ ಕಾಗದ ನೋಡುತ್ತ ಪಟಪಟನೆ ಒತ್ತಿದಳು. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಯಲ್ಲವ್ವ ಎಂದು ಬರೆಯಲು ಏಳು ಕೀಲಿ ಸಾಕು: ವೈ, ಎಲ್, ಎಫ್, ಎಲ್, ವಿ, ಎಫ್, ವಿ. ತಲೆ ಎತ್ತಿ ನೋಡಿದರೆ ಆ ಏಳೂ ಇಂಗ್ಲಿಷ್ ಅಕ್ಷರಗಳು ಪೆಟ್ಟಿಗೆಯಲ್ಲಿ ಹಾಗೆಯೇ ಕೂತಿದ್ದವು. “ಅಕ್ಕಾರ, ನನ್ನ ಹೆಸರ ಬಂತೇನ್ರಿ?” ಎಂದು ಅಜ್ಜಿ ಕೇಳಿದರು. “ತಡೀರಿ ಅಜ್ಜಿ, ಇಂಗ್ಲಿಷ್‌ನ್ಯಾಗ ಹೊಂಟೈತಿ” ಎಂದು ಹುಡುಗಿ ಎಲ್ಲವನ್ನೂ ಅಳಿಸಿ, ಕನ್ನಡ ಮಾಡಿಕೊಂಡು ಮತ್ತೆ ಒತ್ತಿದಳು. ಮುಂದಿನ ಪೆಟ್ಟಿಗೆ ಮಿಂಚಂಚೆಯದು, ಅದಕ್ಕೆ ಇಂಗ್ಲಿಷ್ ಬೇಕು. ಅಲ್ಲಿ ಕನ್ನಡ ಹೋಯಿತು, ಮತ್ತೆ ಅಳಿಸಿದಳು. ಅದರ ಮುಂದಿನದು ಊರಿನ ಹೆಸರು, ಕನ್ನಡದ್ದು. ಒಂದೇ ಅರ್ಜಿಯಲ್ಲಿ ಹೀಗೆ ಆಚೆಗೊಮ್ಮೆ ಈಚೆಗೊಮ್ಮೆ. ಆಕೆಯ ಕೈ ಚುರುಕು, ಕನ್ನಡವೂ ಚೆನ್ನ. ತಪ್ಪು ಪರದೆಯದು. ತಾನು ಈಗ ಯಾವ ಭಾಷೆಯಲ್ಲಿದ್ದೇನೆ ಎಂಬುದನ್ನು ಅದು ಆಕೆಯ ಕಣ್ಣಿರುವಲ್ಲಿ ಹೇಳುವುದಿಲ್ಲ. ಬಲಗಡೆಯ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕದ ಪುಟ್ಟ ಗುರುತಿನಲ್ಲಿ ಹೇಳುತ್ತದೆ.

ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಭಾಷೆ ಬದಲಿಸಲು ಇದ್ದದ್ದು ಸ್ಕ್ರೋಲ್ ಲಾಕ್ ಕೀಲಿ. ಅದನ್ನು ಆರಿಸಿಕೊಂಡವರ ತರ್ಕ ನನಗೆ ಅರ್ಥವಾಗುತ್ತದೆ. ಬೇರಾರೂ ಹೆಚ್ಚಾಗಿ ಬಳಸದ ಕೀಲಿ, ಮೇಲಾಗಿ ಕೀಲಿಮಣೆಯ ಮೇಲೆ ಅದಕ್ಕೊಂದು ದೀಪವಿತ್ತು, ದೀಪ ಉರಿದರೆ ಕನ್ನಡ. ಆದರೆ ಲ್ಯಾಪ್‌ಟಾಪುಗಳು ಬಂದವು, ಅಗ್ಗದ ಕೀಲಿಮಣೆಗಳು ಬಂದವು, ಎಷ್ಟೋ ಕಡೆ ಕೀಲಿಯೂ ಹೋಯಿತು, ದೀಪವೂ ಹೋಯಿತು. ಎಕ್ಸೆಲ್‌ನಲ್ಲಿ ಆ ಕೀಲಿಗೆ ಮೊದಲಿನಿಂದಲೂ ಬೇರೆಯೇ ಕೆಲಸವಿದೆ. ಅದು ಚಾಲೂ ಇದ್ದಾಗ ಬಾಣದ ಕೀಲಿ ಒತ್ತಿದರೆ ಮುಂದಿನ ಚೌಕಕ್ಕೆ ಹೋಗುವ ಬದಲು ಇಡೀ ಹಾಳೆಯೇ ಸರಿಯುತ್ತದೆ. ಒಂದೇ ಕೀಲಿಗೆ ಇಬ್ಬರು ಯಜಮಾನರು.

ಇದಕ್ಕೆ ಪರಿಹಾರ ಕೈಗೆಟಕದ್ದೇನಲ್ಲ. ಬರೆಯುವ ಜಾಗದಲ್ಲಿ ಮಿನುಗುವ ಗೆರೆಯ ಬಣ್ಣ ಬದಲಿಸಿ, ಕನ್ನಡಕ್ಕೊಂದು ಇಂಗ್ಲಿಷಿಗೊಂದು ಇರಲಿ. ಅರ್ಜಿಯ ಪ್ರತಿ ಪೆಟ್ಟಿಗೆಗೂ ಅದರ ಭಾಷೆಯನ್ನು ಮೊದಲೇ ಕಟ್ಟಿಬಿಡಿ. ಹೆಸರಿನ ಪೆಟ್ಟಿಗೆಗೆ ಬಂದೊಡನೆ ಕನ್ನಡ, ಪ್ಯಾನ್ ಸಂಖ್ಯೆಗೆ ಬಂದೊಡನೆ ಇಂಗ್ಲಿಷ್. ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಇದನ್ನು ಮಾಡಲು ಬರುತ್ತದೆ. ಮಾಡಿಲ್ಲ, ಯಾಕೆಂದರೆ ತಂತ್ರಾಂಶ ಬರೆದವರು ಯಲ್ಲವ್ವನ ಹೆಸರು ಮೂಡುವಾಗ ಪಕ್ಕದಲ್ಲಿ ಕೂತಿರಲಿಲ್ಲ.

ಕೆ.ಪಿ. ರಾವ್ ಅವರ ಹೆಸರು ಬಂತು, ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ದಕ್ಷಿಣ ಕನ್ನಡದ ಕಿನ್ನಿಕಂಬಳದವರು, ಅಚ್ಚಿನ ಅಕ್ಷರಗಳ ಲೋಕದಲ್ಲಿ ಪಳಗಿದವರು. ಅದಕ್ಕೂ ಮೊದಲು ಅನಂತ ಸುಬ್ಬರಾಯರು ರೂಪಿಸಿದ ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ಬೇರೆಬೇರೆ ಕೀಲಿಗೆ ಹಂಚಬೇಕಿತ್ತು. ಕಾಗದದ ಮೇಲೆ ಲೋಹ ಬಡಿಯುವ ಯಂತ್ರಕ್ಕೆ ಅದು ಅನಿವಾರ್ಯವಾಗಿತ್ತು. ಕೆ.ಪಿ. ರಾಯರು ಕಂಪ್ಯೂಟರಿಗೆ ಆ ಅನಿವಾರ್ಯತೆ ಇಲ್ಲ ಎಂಬುದನ್ನು ಕಂಡರು. ನಾವು ಉಚ್ಚರಿಸುವ ಕ್ರಮದಲ್ಲಿ ಒತ್ತಿದರೆ ಸಾಕು, ಒತ್ತು ಕೆಳಗೆ ಹೋಗುವುದು, ಗುಣಿತ ಹತ್ತುವುದು ಯಂತ್ರದ ಪಾಲಿನ ಕೆಲಸ ಎಂದರು. ಇಪ್ಪತ್ತಾರು ಕೀಲಿಯೊಳಗೆ ಇಡೀ ವರ್ಣಮಾಲೆಯನ್ನು ಕೂರಿಸಿದರು. ‘ಸೇಡಿಯಾಪು’ ತಂತ್ರಾಂಶದಲ್ಲಿ ಅದನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟರು. ರಾಜ್ಯ ಸರ್ಕಾರ ಅದೇ ವಿನ್ಯಾಸವನ್ನು ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದನ್ನು ಊರೂರಿಗೆ ಮುಟ್ಟಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು, ಅಮೆರಿಕದಲ್ಲಿದ್ದ ಎಷ್ಟೋ ಕನ್ನಡಿಗರು ಮೊದಲ ಬಾರಿ ಕನ್ನಡದಲ್ಲಿ ಪತ್ರ ಬರೆದದ್ದು ಅದರಿಂದ. ಬಳಸುವವರ ಶ್ರಮವನ್ನು ಯಂತ್ರಕ್ಕೆ ವರ್ಗಾಯಿಸುವುದೇ ಸುಲಭತೆಯ ಮೂಲಸೂತ್ರ, ಕನ್ನಡದಲ್ಲಿ ಅದನ್ನು ರಾಯರಷ್ಟು ಸ್ಪಷ್ಟವಾಗಿ ಮಾಡಿ ತೋರಿಸಿದವರು ಇಲ್ಲ. ಅವರು ನಿಲ್ಲಿಸಿದಲ್ಲಿಂದ ಮುಂದಕ್ಕೆ ನಾವು ಹೆಚ್ಚು ದೂರ ನಡೆದಿಲ್ಲ ಎಂಬುದು ನನ್ನ ಸಂಕಟ.

ಇನ್ನು ಅಕ್ಷರದ ಗಾತ್ರಕ್ಕೆ ಬರುತ್ತೇನೆ. ಪರದೆಯ ಮೇಲಿನ ಗುಂಡಿ, ಪೆಟ್ಟಿಗೆ, ಪಟ್ಟಿ ಎಲ್ಲವನ್ನೂ ರೋಮನ್ ಲಿಪಿಯ ಎತ್ತರಕ್ಕೆ ಅಳೆದು ಮಾಡಿದ್ದಾರೆ. ಆ ಲಿಪಿಗೆ ಕೆಳಗಿನ ಸಾಲಿನಲ್ಲಿ ಅಕ್ಷರ ಕೂರುವ ಅಭ್ಯಾಸವಿಲ್ಲ. ನಮ್ಮದಕ್ಕೆ ಇದೆ. ‘ಮುದ್ರಿಸು’ ಎಂಬ ಗುಂಡಿಯಲ್ಲಿ ರ-ವತ್ತು ಅರ್ಧ ಕತ್ತರಿಸಿಹೋಗಿ ‘ಮುದಿಸು’ ಎಂಬಂತೆ ಕಾಣುವುದನ್ನು ನೀವೂ ನೋಡಿರಬಹುದು. ‘ಸ್ತ್ರೀ’ ಎಂಬಲ್ಲಿ ಎರಡು ಒತ್ತುಗಳಿವೆ. ಗುಂಡಿಯ ಎತ್ತರ ಸಾಲದೆ ಎರಡನೆಯದು ಪೂರ್ತಿ ಮಾಯ. ಇನ್ನು ಅಲ್ಪಪ್ರಾಣ ಮಹಾಪ್ರಾಣ. ದ-ಧ, ಡ-ಢ, ಬ-ಭ, ಪ-ಫ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀರು. ಪರದೆಯ ಮೇಲೆ ಅಕ್ಷರ ಚಿಕ್ಕದಾದಷ್ಟೂ ಆ ಗೀರು ಒಂದು ಚುಕ್ಕೆಯೂ ಆಗದೆ ಕರಗುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ‘ತುಂಗಾ’ ಅಕ್ಷರ ನಮ್ಮ ಪಾಲಿಗೆ ದೊಡ್ಡ ಉಪಕಾರ. ಆದರೆ ಅದೇ ಅಳತೆಯ ಇಂಗ್ಲಿಷಿನ ಪಕ್ಕ ಇಟ್ಟರೆ ಅದು ಕುಗ್ಗಿದಂತೆ ಕಾಣುತ್ತಿತ್ತು. ಮುಂದೆ ವಿಂಡೋಸ್ 8ರಲ್ಲಿ ಬಂದ ‘ನಿರ್ಮಲಾ’ ವಾಸಿ. ಐವತ್ತು ದಾಟಿದ ತಲಾಠಿಯೊಬ್ಬರು ಮೂಗಿನ ತುದಿಗೆ ಕನ್ನಡಕ ಇಳಿಸಿ ಪರದೆಗೆ ಅಂಟಿಕೊಂಡಂತೆ ಕೂತಿದ್ದರೆ ವಯಸ್ಸನ್ನು ದೂರುತ್ತೇವೆ. ಅಕ್ಷರವನ್ನು ಒಂದೂವರೆ ಪಟ್ಟು ಮಾಡಿ, ಸಾಲಿನ ನಡುವೆ ಜಾಗ ಬಿಟ್ಟು ನೋಡಿ, ಅವರು ಹಿಂದಕ್ಕೆ ಒರಗಿ ಕೂರುತ್ತಾರೆ.

ಜಾಗದ ಇನ್ನೊಂದು ತೊಂದರೆ ನಮ್ಮ ವಾಕ್ಯದ ಕಟ್ಟಿನಿಂದ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಗುಂಡಿಯಲ್ಲಿ ಜಾಗ ಸಾಲದಿದ್ದರೆ ಕಂಪ್ಯೂಟರ್ ಕೊನೆಯನ್ನು ಕತ್ತರಿಸಿ ಮೂರು ಚುಕ್ಕೆ ಇಡುತ್ತದೆ. ಇಂಗ್ಲಿಷಿನಲ್ಲಿ ಕೊನೆ ಹೋದರೂ ಏನು ಮಾಡಬೇಕೆಂಬುದು ಮೊದಲೇ ತಿಳಿದಿರುತ್ತದೆ. ನಮ್ಮಲ್ಲಿ ‘ಅರ್ಜಿಯನ್ನು ಮೇಲಧಿಕಾರಿಗೆ ಕಳು...’ ಎಂದು ಎರಡು ಗುಂಡಿಗಳು ಅಕ್ಕಪಕ್ಕ ಇರಬಹುದು. ಒಂದು ‘ಕಳುಹಿಸು’, ಇನ್ನೊಂದು ‘ಕಳುಹಿಸದೆ ಉಳಿಸು’. ಯಾವುದು ಯಾವುದೆಂದು ಒತ್ತಿದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಕನ್ನಡದ ಪರದೆಯಲ್ಲಿ ಗುಂಡಿಯ ಮೇಲೆ ಕ್ರಿಯಾಪದವೊಂದೇ ಇರಬೇಕು, ಉಳಿದ ವಿವರಣೆ ಮೇಲೆ ಇರಬೇಕು. ‘ಹೌದು’, ‘ಇಲ್ಲ’ ಎಂಬ ಗುಂಡಿಗಳನ್ನೂ ಆದಷ್ಟು ಕೈಬಿಡಬೇಕು. ‘ಉಳಿಸದೆ ಮುಚ್ಚಬೇಕೆ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದರೆ ಉಳಿಸುತ್ತದೋ, ಮುಚ್ಚುವುದಿಲ್ಲವೋ? ‘ಉಳಿಸಿ ಮುಚ್ಚು’, ‘ಉಳಿಸದೆ ಮುಚ್ಚು’, ‘ಮುಚ್ಚಬೇಡ’ ಎಂದು ಮೂರು ಗುಂಡಿ ಇಟ್ಟರೆ ಯಾರಿಗೂ ಗೊಂದಲವಿಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಎಂಬ ಡೆಸ್ಕ್‌ಟಾಪನ್ನು 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ಸಾಮಾನ್ಯ ಬಳಕೆದಾರರ ಮುಂದಿಟ್ಟು, ಎಲ್ಲಿ ತಡವರಿಸುತ್ತಾರೆ ಎಂದು ನೋಡಿ ವರದಿ ಪ್ರಕಟಿಸಿದರು. ಮರುವರ್ಷ ಬಂದ ಗ್ನೋಮ್ 2ರೊಂದಿಗೆ ಪರದೆ ಹೇಗಿರಬೇಕು ಎಂಬ ಕೈಪಿಡಿಯೇ ಸಿದ್ಧವಾಯಿತು. ಗುಂಡಿಗೆ ಕ್ರಿಯಾಪದ ಇಡಿ ಎಂಬ ನಿಯಮ ಅದರಲ್ಲಿದೆ. ಹವ್ಯಾಸಕ್ಕೆಂದು ತಂತ್ರಾಂಶ ಬರೆಯುತ್ತಿದ್ದವರು ಕೂಡ ಬಳಸುವವರನ್ನು ನೋಡಿದ ಮೇಲೆ ತಮ್ಮ ಪದ್ಧತಿ ಬದಲಿಸಿಕೊಂಡರು.

ಈಗ ನಮ್ಮ ಗಡಿನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ವಿಷಯ: ಹೆಸರು ಹುಡುಕುವುದು. ಉತಾರದ ಕಾಲಂ 9ರಲ್ಲಿ ಭೂಮಿಯ ಒಡೆಯರ ಹೆಸರು. ಅದು ಒಂದು ಕಾಲಕ್ಕೆ ಕೈಬರಹದಲ್ಲಿತ್ತು, ಮತ್ತೊಂದು ಕಾಲಕ್ಕೆ ಕಂಪ್ಯೂಟರಿಗೆ ಏರಿತು. ಮನೆಯಲ್ಲಿ ಮರಾಠಿ ಆಡುವವರ ಹೆಸರನ್ನು ಕನ್ನಡದಲ್ಲಿ ಬರೆದವರು ತಮಗೆ ಕೇಳಿಸಿದಂತೆ ಬರೆದರು. ಪಾಟೀಲ, ಪಾಟೀಲ್, ಪಾಟಿಲ. ಯಲ್ಲಪ್ಪ, ಯಲ್ಲಪ್ಪಾ, ಎಲ್ಲಪ್ಪ. ಪರಶುರಾಮ, ಪರಶರಾಮ. ಜನರ ಪಾಲಿಗೆ ಇವೆಲ್ಲ ಒಂದೇ, ನಮ್ಮ ತಾಲ್ಲೂಕಿನ ಜಾಂಬೋಟಿಯಲ್ಲಿ ಕೂಗಿದರೆ ಒಬ್ಬನೇ ಮನುಷ್ಯ ತಿರುಗಿ ನೋಡುತ್ತಾನೆ. ಕಂಪ್ಯೂಟರ್ ಪಾಲಿಗೆ ಬೇರೆಬೇರೆ. ಆಧಾರ್‌ನೊಂದಿಗೆ ಪಹಣಿ ಜೋಡಿಸುವ ಕೆಲಸವನ್ನು 2024ರಲ್ಲಿ ಕಂದಾಯ ಇಲಾಖೆ ರಾಜ್ಯದಾದ್ಯಂತ ಕೈಗೆತ್ತಿಕೊಂಡಾಗ ಈ ಹೆಸರಿನ ಹೊಂದಾಣಿಕೆಯ ಮಹತ್ವ ಎಲ್ಲರಿಗೂ ಮನದಟ್ಟಾಯಿತು.

ಇದರ ಮೇಲೆ ಕಣ್ಣಿಗೇ ಕಾಣದ ಭೇದಗಳಿವೆ. ಈ ಎರಡು ಹೆಸರು ನೋಡಿ: ಸಂಗಪ್ಪ, ಸ೦ಗಪ್ಪ. ಒಂದರಲ್ಲಿರುವುದು ಅನುಸ್ವಾರ, ಇನ್ನೊಂದರಲ್ಲಿರುವುದು ಕನ್ನಡದ ಸೊನ್ನೆ ಅಂಕಿ. ಕಾಗದದ ಮೇಲೆ ಒಂದೇ ರೀತಿ ಅಚ್ಚಾಗುತ್ತವೆ. ರಾಯರ ವಿನ್ಯಾಸದಲ್ಲಿ ಅನುಸ್ವಾರಕ್ಕೆ ಶಿಫ್ಟ್ ಹಿಡಿದು ಎಂ ಒತ್ತಬೇಕು. ಸೊನ್ನೆ ಎಂದೇ ಕಲಿತವರ ಕೈ ಸಹಜವಾಗಿ ಸೊನ್ನೆಯ ಕೀಲಿಗೆ ಹೋಗುತ್ತದೆ. ಎರಡನೆಯ ಹೆಸರನ್ನು ಇನ್ನು ಯಾರು ಹುಡುಕಿದರೂ ಸಿಗುವುದಿಲ್ಲ. ಆಪರೇಟರು ‘ದಾಖಲೆ ಇಲ್ಲ’ ಎಂದರೆ ಸಂಗಪ್ಪ ಮನೆಗೆ ಹೋಗುತ್ತಾನೆ. ಅವನ ದಾಖಲೆ ಅಲ್ಲೇ ಇರುತ್ತದೆ. ಅಕ್ಷರಗಳ ನಡುವೆ ಸೊನ್ನೆ ಬಂದರೆ ಅದು ಅನುಸ್ವಾರವೇ ಎಂದು ತಿಳಿದು ತಂತ್ರಾಂಶ ತಾನೇ ತಿದ್ದಿಕೊಳ್ಳುವಂತೆ ಮಾಡುವುದಕ್ಕೆ ಒಬ್ಬ ವಿದ್ಯಾರ್ಥಿಯ ಒಂದು ಮಧ್ಯಾಹ್ನ ಸಾಕು. ಹ್ರಸ್ವ-ದೀರ್ಘ, ಕೊನೆಯ ಅರ್ಧಾಕ್ಷರ, ಯ-ಎ ಇವುಗಳನ್ನು ಸಡಿಲಿಸಿ ಹುಡುಕಿ, ‘ಇವರಲ್ಲಿ ಯಾರು?’ ಎಂದು ನಾಲ್ಕು ಹೆಸರು ತೋರಿಸುವ ವ್ಯವಸ್ಥೆ ಇನ್ನಷ್ಟು ಶ್ರಮ ಬೇಡುತ್ತದೆ, ಆದರೆ ಅಸಾಧ್ಯವಲ್ಲ. ಅಕಾರಾದಿ ಜೋಡಣೆಯಲ್ಲೂ ಹೀಗೆಯೇ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಳ ಅಕ್ಷರ ಲ ಪಕ್ಕದಲ್ಲಿದೆ, ವರ್ಣಮಾಲೆಯಲ್ಲಿ ಹ ಆದ ಮೇಲೆ. ಸಂಕೇತದ ಕ್ರಮಾಂಕವನ್ನಷ್ಟೇ ನೋಡಿ ಜೋಡಿಸುವ ತಂತ್ರಾಂಶದಲ್ಲಿ ಬಳಿಗಾರ ಬಸಪ್ಪನಿಗಿಂತ ಮೊದಲು ಬರುತ್ತಾನೆ, ಶಾಲೆಯ ಹಾಜರಿಯಲ್ಲಿ ನಂತರ.

ಭೇದ ಕಾಣದಿದ್ದಾಗ ಬಳಸುವವರು ತಮ್ಮನ್ನೇ ಶಂಕಿಸಿಕೊಳ್ಳುತ್ತಾರೆ. ಇದು ನಮ್ಮೂರಿನ ಅನುಭವ ಮಾತ್ರವಲ್ಲ. ಆಪಲ್ ಕಂಪನಿ 1983ರಲ್ಲಿ ಹೊರತಂದ ಲೀಸಾ ಕಂಪ್ಯೂಟರಿನ ಪರೀಕ್ಷೆ ನಡೆಯುವಾಗ ‘ಡೂ ಇಟ್’ ಎಂಬ ಗುಂಡಿಯ ಎರಡು ಪದಗಳ ನಡುವಿನ ಜಾಗ ಕಿರಿದಾಗಿ, ಬಳಸುತ್ತಿದ್ದವರೊಬ್ಬರು ಅದನ್ನು ‘ಡೋಲ್ಟ್’, ಅಂದರೆ ದಡ್ಡ, ಎಂದು ಓದಿ ಯಂತ್ರ ತನ್ನನ್ನು ಬೈಯುತ್ತಿದೆ ಎಂದು ನೊಂದುಕೊಂಡರು. ಅದರ ಬದಲಿಗೆ ‘ಓಕೆ’ ಬಂತು. ಆ ಪರೀಕ್ಷೆಗಳ ಹಿಂದೆ ಇದ್ದವರೂ ಅದೇ ಟೆಸ್ಲರ್. ಯಾರೂ ಪಕ್ಕದಲ್ಲಿ ಕೂತು ಕೇಳದಿದ್ದರೆ ಆ ಗುಂಡಿ ಹಾಗೆಯೇ ಮಾರುಕಟ್ಟೆಗೆ ಬರುತ್ತಿತ್ತು.

ನಮ್ಮಲ್ಲಿ ಇಂಥ ಕಾಳಜಿಯ ಪರಂಪರೆಯೇ ಇಲ್ಲ ಎಂದು ನಾನು ಹೇಳಲಾರೆ. ಉತಾರಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯನ್ನು ನೆನಪಿಸಿಕೊಳ್ಳಿ. ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ರೂಪುಗೊಂಡು, ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳಿಗೆ ಹಬ್ಬಿತು. ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ದಾಖಲೆಗಳು. ಆಗ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು. ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಅತ್ಯಂತ ಮೆಚ್ಚಿಗೆಯಾದದ್ದು ಯಾರೂ ಹೆಚ್ಚಾಗಿ ಹೇಳದ ಒಂದು ಸಂಗತಿ. ಭೂಮಿ ಕೇಂದ್ರದ ಮೇಜಿನ ಮೇಲೆ ಎರಡು ಪರದೆಗಳನ್ನು ಇಡುವ ವ್ಯವಸ್ಥೆ ಮಾಡಿದ್ದರು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಕಿಟಕಿಯಾಚೆ ನಿಂತ ರೈತನ ಕಡೆಗೆ. ಒಳಗೆ ಏನು ಮೂಡುತ್ತಿದೆಯೋ ಅದೇ ಹೊರಗಿನವನಿಗೂ ಕಾಣಬೇಕು.

ಇದನ್ನು ಪಾರದರ್ಶಕತೆ ಎಂದು ಹೊಗಳಿ ಬಿಟ್ಟುಬಿಡುವುದು ಸುಲಭ. ಪರದೆಯ ವಿನ್ಯಾಸದ ದೃಷ್ಟಿಯಿಂದ ನೋಡಿದರೆ ಅದು ಇನ್ನೂ ದೊಡ್ಡದು. ಕಂಪ್ಯೂಟರನ್ನು ಬಳಸುವವರು ಎಂದರೆ ಕೀಲಿ ಒತ್ತುವವರು ಮಾತ್ರ ಎಂದು ತಿಳಿಯುವುದು ವಾಡಿಕೆ. ಮೇಜಿನ ಆಚೆ ನಿಂತವನೂ ಬಳಕೆದಾರನೇ ಎಂದು ಭೂಮಿಯ ಆ ಎರಡನೆಯ ಪರದೆ ಒಪ್ಪಿಕೊಂಡಿತು. ತನ್ನ ಹೆಸರಿನ ತಪ್ಪನ್ನು ಹಿಡಿಯುವ ಕಣ್ಣು ಅವನಿಗಿಂತ ಚುರುಕಾದದ್ದು ಯಾರದಿದೆ? ಓದು ಬಾರದವನೂ ತನ್ನ ಸರ್ವೆ ನಂಬರಿನ ಅಂಕಿ ಗುರುತಿಸುತ್ತಾನೆ. “ಅದು ನಂದಲ್ರೀ, ನಂದು ಅದರ ಮುಂದಿಂದು” ಎನ್ನುತ್ತಾನೆ. ಅಚ್ಚಾಗುವ ಮುನ್ನವೇ ತಪ್ಪು ಹೋಗುತ್ತದೆ, ತಿದ್ದುಪಡಿಗೆಂದು ಮತ್ತೊಂದು ಅರ್ಜಿ, ಮತ್ತೊಂದು ಸಲ ಬಸ್ಸು ಹತ್ತುವುದು ಎಲ್ಲ ತಪ್ಪುತ್ತದೆ. ಲೋಂಡಾದಿಂದಲೋ ಕಣಕುಂಬಿಯಿಂದಲೋ ಖಾನಾಪುರಕ್ಕೆ ಬಂದು ಹೋಗುವವನಿಗೆ ಅದು ಒಂದು ದಿನದ ಕೂಲಿ. ಈಗಿನ ಸೇವಾ ಕೇಂದ್ರಗಳಲ್ಲಿ ನಾನು ನೋಡಿದ ಕಡೆ ಬಹುತೇಕ ಒಂದೇ ಪರದೆ, ಅದರ ಬೆನ್ನು ಜನರ ಕಡೆಗೆ. ಹೊಸ ಕೇಂದ್ರ ತೆರೆಯುವಾಗ ಎರಡನೆಯ ಪರದೆಯ ಖರ್ಚನ್ನು ಉಳಿಸಬೇಡಿ ಎಂದು ಈ ವೇದಿಕೆಯಿಂದ ಕಳಕಳಿಯಿಂದ ಕೇಳುತ್ತೇನೆ. ಅದರಲ್ಲಿ ಎಲ್ಲ ವಿವರವೂ ಬೇಕಿಲ್ಲ. ಹೆಸರು, ತಂದೆಯ ಹೆಸರು, ಊರು, ಸರ್ವೆ ನಂಬರ್, ದೊಡ್ಡ ಅಕ್ಷರದಲ್ಲಿ, ಅಷ್ಟಿದ್ದರೆ ಸಾಕು.

ಬೆಳಗಾವಿ ನಗರಕ್ಕೆ ಬಂದರೆ ಸಮಸ್ಯೆಯ ಮುಖ ಬೇರೆ. ಇಲ್ಲಿನ ಡಿಟಿಪಿ ಅಂಗಡಿಯಲ್ಲಿ ಕೂತವರಿಗೆ ಒಂದೇ ಲಗ್ನಪತ್ರಿಕೆಯಲ್ಲಿ ಕನ್ನಡವೂ ಬೇಕು, ಮರಾಠಿಯೂ ಬೇಕು, ವಿಳಾಸಕ್ಕೆ ಇಂಗ್ಲಿಷೂ ಬೇಕು. ಬೆಂಗಳೂರಿನ ತಂತ್ರಾಂಶದವರು ಕನ್ನಡಕ್ಕೊಂದು ವಿನ್ಯಾಸ ಕೊಟ್ಟರು, ಪುಣೆಯವರು ಮರಾಠಿಗೊಂದು. ಎರಡನ್ನೂ ಬೆರಳಿನಲ್ಲಿ ಹಿಡಿದುಕೊಳ್ಳಬೇಕಾದವರು ನಮ್ಮ ಊರಿನವರು. ಈ ದೃಷ್ಟಿಯಿಂದ ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ ಒಂದು ದೊಡ್ಡ ಗುಣವಿದೆ. ಭಾರತದ ಬಹುತೇಕ ಪ್ರಮುಖ ಲಿಪಿಗಳಿಗೆ ಅದರಲ್ಲಿ ಅಕ್ಷರದ ಜಾಗ ಒಂದೇ. ಕನ್ನಡದ ಕಕಾರ ಎಲ್ಲಿದೆಯೋ ದೇವನಾಗರಿಯ ಕಕಾರವೂ ಅಲ್ಲೇ, ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಒಮ್ಮೆ ಕಲಿತರೆ ಎರಡು ಭಾಷೆ ಬಂದಂತೆ. ಕಲಿಯುವುದು ರಾಯರ ವಿನ್ಯಾಸಕ್ಕಿಂತ ಕಷ್ಟ, ಇಂಗ್ಲಿಷ್ ಕೀಲಿಯ ನೆನಪು ಅಲ್ಲಿ ನೆರವಿಗೆ ಬರುವುದಿಲ್ಲ. ಕನ್ನಡವೊಂದನ್ನೇ ಬರೆಯುವವರಿಗೆ ರಾಯರದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಬೆಳಗಾವಿಯ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ದ್ವಿಭಾಷಾ ಟೈಪಿಂಗ್ ಕಲಿಯುವ ಮಕ್ಕಳಿಗೆ ಇನ್‌ಸ್ಕ್ರಿಪ್ಟನ್ನೂ ತೋರಿಸುವುದು ನ್ಯಾಯ.

ಅದೇ ಅಂಗಡಿಗಳಲ್ಲಿ ಇನ್ನೊಂದು ಹಳೆಯ ಗಂಟು ಇದೆ. ಯೂನಿಕೋಡ್ ಬಂದು ಇಷ್ಟು ವರ್ಷವಾದರೂ ಅವರೇಕೆ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳನ್ನೇ ಹಿಡಿದಿದ್ದಾರೆ ಎಂದು ಕೆಲವರು ಬೇಸರಿಸುತ್ತಾರೆ. ಅವರ ಕೆಲಸದ ಉಪಕರಣ ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತೇ ಇಲ್ಲ. ಇನ್‌ಡಿಸೈನ್ ತಂತ್ರಾಂಶ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸಲು ಶುರುಮಾಡಿದ್ದು 2012ರ ಆವೃತ್ತಿಯಿಂದ ಈಚೆಗೆ, ಅದರ ಬೆಲೆಯೂ ಸಣ್ಣ ಅಂಗಡಿಗೆ ಭಾರ. ಹಳೆಯ ಪದ್ಧತಿಯಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಪೌಂಡ್ ನಾಣ್ಯದ ಚಿಹ್ನೆಯೂ ತಲೆಯ ಮೇಲೆ ಗುರುತಿರುವ ಇಂಗ್ಲಿಷ್ ಅಕ್ಷರಗಳೂ ಕಾಣುತ್ತವೆ. ಒಳಗಿರುವುದು ನಿಜವಾಗಿ ಅವೇ, ಕನ್ನಡವಲ್ಲ. ಕಣ್ಣು ಕಾಣುವವರಿಗೆ ಫಾಂಟ್ ಹಾಕಿಕೊಂಡರೆ ಮುಗಿಯಿತು. ಅಂಧ ವಿದ್ಯಾರ್ಥಿಗೆ ಮುಗಿಯುವುದಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕರೊಬ್ಬರು ಶುರುಮಾಡಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡಿನಲ್ಲಿದ್ದರೆ ಮಾತ್ರ. ಹಳೆಯ ನುಡಿಯ ಟಿಪ್ಪಣಿ ತೆರೆದ ಹುಡುಗನ ಕಿವಿಗೆ ಬೀಳುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಶಾಲಾ ಕಾಲೇಜುಗಳಲ್ಲಿ ನೋಟ್ಸ್ ಹಂಚುವ ಅಧ್ಯಾಪಕ ಮಿತ್ರರು ಇದೊಂದನ್ನು ನೆನಪಿಡಬೇಕು, ಹಳೆಯ ಕಡತಗಳನ್ನು ಪರಿವರ್ತಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ.

ಹೀಗೆ ಪಕ್ಕದಲ್ಲಿ ಕೂತು ನೋಡಿ ತಿದ್ದುವ ಕೆಲಸ ಮಾಡುವವರು ಯಾರು? ಈ ಜಿಲ್ಲೆಗೆ ಆ ಕೊರತೆ ಇಲ್ಲ. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೆಳಗಾವಿಯಲ್ಲೇ ಇದೆ. ಅದರ ಅಡಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕನ್ನಡವನ್ನು ಒಂದು ವಿಷಯವಾಗಿ ಓದುತ್ತಾರೆ. ವರ್ಷವರ್ಷವೂ ಪ್ರಾಜೆಕ್ಟ್ ಹುಡುಕಿಕೊಂಡು ಅಲೆಯುವ ಮಕ್ಕಳಿದ್ದಾರೆ. ಬಳಕೆಯ ತೊಂದರೆ ಹಿಡಿಯಲು ಭಾರಿ ಪ್ರಯೋಗಾಲಯ ಬೇಕಿಲ್ಲ. ಐದು ಜನ ಬಳಕೆದಾರರ ಪಕ್ಕ ಕೂತರೆ ಒಂದು ಪರದೆಯ ಹೆಚ್ಚಿನ ತೊಂದರೆಗಳು ಹೊರಬೀಳುತ್ತವೆ ಎಂದು ಈ ಕ್ಷೇತ್ರದ ಹಿರಿಯ ಜೇಕಬ್ ನೀಲ್ಸನ್ ತೋರಿಸಿಕೊಟ್ಟು ದಶಕಗಳಾದವು. ಒಂದು ನೋಟ್‌ಬುಕ್, ಒಂದು ಪೆನ್ನು, ಬಾಯಿ ಮುಚ್ಚಿಕೊಂಡು ನೋಡುವ ತಾಳ್ಮೆ ಸಾಕು. ಆಪರೇಟರ್ ತಡವರಿಸಿದಾಗ “ಅಲ್ಲಲ್ಲ, ಅದನ್ನು ಒತ್ತಿ” ಎಂದು ಹೇಳಿಕೊಡುವ ಚಪಲ ತಡೆಯಬೇಕು. ಎಲ್ಲಿ ಕೈ ನಿಂತಿತು, ಎಲ್ಲಿ ಅಳಿಸಿದರು, ಎಲ್ಲಿ “ಇದ್ಯಾಕ ಹಿಂಗಾತು?” ಎಂದರು, ಅಷ್ಟನ್ನು ಬರೆದುಕೊಳ್ಳಬೇಕು.

ಒಪ್ಪಿಗೆ ಪಡೆದು ಕೂರಬೇಕು, ಜನರ ಆಧಾರ್ ಸಂಖ್ಯೆ, ಹೆಸರು, ಸಾಲದ ವಿವರ ನೋಟ್‌ಬುಕ್ಕಿಗೆ ಇಳಿಯಬಾರದು. ನಿಜವಾದ ಅರ್ಜಿಯ ಬದಲು ಕಾಲ್ಪನಿಕ ಹೆಸರುಗಳ ಅರ್ಜಿಯನ್ನು ಕೊಟ್ಟು ತುಂಬಿಸಿಕೊಂಡರೆ ಇನ್ನೂ ಒಳ್ಳೆಯದು. ಆ ಹೆಸರುಗಳನ್ನು ಆರಿಸುವುದರಲ್ಲೇ ಅರ್ಧ ಜಾಣ್ಮೆ ಇದೆ. ಸಂಗಪ್ಪ ಇರಲಿ, ಸೊನ್ನೆಯ ಪರೀಕ್ಷೆಗೆ. ಜ್ಞಾನೇಶ್ವರ ಇರಲಿ, ಒತ್ತಿನ ಪರೀಕ್ಷೆಗೆ. ಪಾಟೀಲ ಇರಲಿ, ಹುಡುಕಾಟಕ್ಕೆ. ಒಂದು ಇಂಗ್ಲಿಷ್ ಮಿಂಚಂಚೆ ವಿಳಾಸ ನಡುವೆ ಇರಲಿ, ಭಾಷೆ ಬದಲಾವಣೆಗೆ.

ಯಾವಾಗ ಎಂದು ಕೇಳಿದರೆ, ಜೂನಿನಲ್ಲಿ ಶಾಲಾ ಪ್ರವೇಶ ಶುರುವಾಗಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಪಾಳಿ ಹಚ್ಚುವ ಮೊದಲೇ, ಏಪ್ರಿಲ್ ಹೊತ್ತಿಗೆ ಒಂದು ಸಲ ಕೂರಬೇಕು. ಆಗ ಆಪರೇಟರಿಗೂ ಮಾತಾಡಲು ಬಿಡುವಿರುತ್ತದೆ. ಅದೇ ಕುರ್ಚಿಯ ಪಕ್ಕ ಜೂನಿನ ಗದ್ದಲದಲ್ಲಿ ಇನ್ನೊಂದು ಸಲ. ಖಾನಾಪುರದಲ್ಲಿ ಒಂದು, ಬೀಡಿ ಕಡೆ ಒಂದು, ಜಾಂಬೋಟಿಯ ಕಾಡಿನಂಚಿನಲ್ಲಿ ಒಂದು, ಬೆಳಗಾವಿ ನಗರದಲ್ಲಿ ಎರಡು, ಹೀಗೆ ಐದು ಜಾಗ ಸಾಕು. ಬರೆದುಕೊಂಡದ್ದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ತಂತ್ರಾಂಶ ಮಾಡಿದ ಇಲಾಖೆಗೂ ಕಂಪನಿಗೂ ಒಂದೊಂದು ಪ್ರತಿ ಕಳಿಸೋಣ. ವಿದ್ಯಾರ್ಥಿಗಳು ಯಾರಾದರೂ ಮುಂದೆ ಬಂದರೆ ಮೊದಲ ದಿನ ಅವರ ಜೊತೆ ಕೂರಲು ನಾನು ಸಿದ್ಧ.